ಉಳಿಕೆ ಪಟ್ಟಿಯ ನಲವತ್ತೊಂದನೆಯ ಸಾಲು

ಧಾರವಾಡದ ವಿದ್ಯಾಂತರಣ ಕೇಂದ್ರದ ಮುಂದೆ ಜೂನ್ ತಿಂಗಳಲ್ಲಿ ನಿಲ್ಲುತ್ತಿದ್ದ ಸಾಲು ಎಷ್ಟು ಉದ್ದವಿತ್ತೆಂದರೆ, ಅದರ ತಲೆ ಧಾರವಾಡದ ಕಿಟಕಿಯಲ್ಲಿ ಅರ್ಜಿ ಕೊಡುತ್ತಿರುವಾಗ ಬಾಲ ಹುಬ್ಬಳ್ಳಿಯಲ್ಲಿ ಕೂತು ಚಹಾ ಕುಡಿಯುತ್ತಿತ್ತು. ಅಲ್ಲಿ ನಿಂತ ನಿಲುವಿನಲ್ಲೇ ಪರಿಚಯವಾಗಿ, ಲಗ್ನವಾಗಿ, ತೊಟ್ಟಿಲು ಕಟ್ಟಿದವರೂ ಇದ್ದರು. ಇಷ್ಟು ಜನ ಕಾಯುತ್ತಿದ್ದದ್ದು ಒಂದೇ ಒಂದಕ್ಕೆ: ಮಕ್ಕಳ ತಲೆಗೊಂದು ಪದವಿ.

ಓದಿ ಪದವಿ ಪಡೆಯುವ ಕಾಲ ಹಳತಾಗಿತ್ತು. ನಿವೃತ್ತರಾದವರ ತಲೆಯಲ್ಲಿ ಸುಮ್ಮನೆ ಕೂತ ವಿದ್ಯೆಯನ್ನು ನಲವತ್ತೇ ನಿಮಿಷದಲ್ಲಿ ಹರೆಯದ ತಲೆಗೆ ದಾಟಿಸುವ ಯಂತ್ರ ಬಂದ ಮೇಲೆ ಐದು ವರ್ಷ ಬೆಂಚು ಸವೆಸುವವರು ಯಾರು? ಕಾಲೇಜುಗಳೆಲ್ಲ ಕಲ್ಯಾಣ ಮಂಟಪಗಳಾದವು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗೋಧಿ ಹುಗ್ಗಿ ಕುದಿಯಿತು. ಗ್ರಂಥಾಲಯದಲ್ಲಿ ಬೀಗರು ಮಧ್ಯಾಹ್ನದ ನಿದ್ದೆ ತೆಗೆದರು. ಆದರೆ ಯಂತ್ರದ್ದೊಂದು ಮೊಂಡುತನವಿತ್ತು. ದಾಟಿದ್ದು ದಾಟಿತು, ಕೊಟ್ಟವರಲ್ಲಿ ಚೂರೂ ಉಳಿಯದು. ಎರಡೂ ಕಡೆ ಉಳಿಸಿಕೊಳ್ಳಲು ಹೋದ ಮೊದಮೊದಲ ಪ್ರಯೋಗಗಳಲ್ಲಿ ಊರ ತುಂಬ ಅರ್ಧ ವಕೀಲರು, ಅರ್ಧ ಡಾಕ್ಟರುಗಳು ಹುಟ್ಟಿಕೊಂಡು, ಕಾಯಿಲೆಗಳೂ ತಕರಾರುಗಳೂ ಅರ್ಧಕ್ಕೇ ನಿಂತಿದ್ದವು.

ಸಾಲಿನಲ್ಲಿ ಮೈಲಾರಪ್ಪನ ಮುಂದೆ ನಿಂತಿದ್ದ ಗದಗಿನವನೊಬ್ಬ ಹಿಗ್ಗಿನಿಂದ ತಿರುಗಿ ಹೇಳಿದ: "ನಮ್ಮ ಹುಡುಗಗ ಸಿವಿಲ್ ಇಂಜಿನಿಯರಿಂಗ್ ಸಿಕ್ಕೈತ್ರೀ. ಒಬ್ಬರ ಕೈಯಾಗ ಬಳಸಿದ್ದು. ಬರೇ ಎರಡು ಸೇತುವಿ ಕಟ್ಯಾರ."

"ನಿಂತಾವೇನ್ರಿ ಸೇತುವಿ?" ಎಂದ ಮೈಲಾರಪ್ಪ.

"ಒಂದು ನಿಂತೈತಿ."

ಮೈಲಾರಪ್ಪ ಮೀಸೆಯಲ್ಲೇ ನಕ್ಕ. ರಾಣೆಬೆನ್ನೂರಿನ ಕಡೆಯ ಪಶು ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದನ ಹಿಡಿಯುವ ಕೆಲಸ ಮಾಡಿದವನು ಅವನು. ಅವನ ಕೈ ಕೊಂಬಿನ ಮೇಲೆ ಬಿದ್ದರೆ ಕಿಲಾರಿ ಎತ್ತು ಉಸಿರು ಬಿಡಲೂ ಅಪ್ಪಣೆ ಕೇಳುತ್ತಿತ್ತು. ಅವನ ಒಂದು ಪಕ್ಕದಲ್ಲಿ ಹೆಂಡತಿ ನಿಂತಿದ್ದಳು: ಅದೇ ಆಸ್ಪತ್ರೆಯಿಂದ ಹೋದ ತಿಂಗಳಷ್ಟೇ ನಿವೃತ್ತಳಾದ ಡಾಕ್ಟರ್ ಸುಲೋಚನಾ. ಇನ್ನೊಂದು ಪಕ್ಕದಲ್ಲಿ ಇಪ್ಪತ್ತು ವರ್ಷದ ಮಗಳು ತುಂಗಾ. ಇವತ್ತು ತಾಯಿಯ ತಲೆಯಿಂದ ಮಗಳ ತಲೆಗೆ ಪಶುವೈದ್ಯ ದಾಟಬೇಕಿತ್ತು.

ತುಂಗಾಗೆ ಬೇರೆ ಪದವಿ ಸಿಗಲಿಲ್ಲವೆಂದಲ್ಲ. ಮೂರು ವರ್ಷದಿಂದ ಮನೆ ಬಾಗಿಲಿಗೆ ಪದವಿಗಳು ಬಂದು ಹೋಗಿದ್ದವು. ಬ್ಯಾಂಕಿನಿಂದ ನಿವೃತ್ತನಾದ ಸೋದರಮಾವ ತನ್ನ ಬಿ.ಕಾಂ. ಕೊಡಲು ಬಂದಿದ್ದ. ಓಣಿಯ ತುದಿಯ ಇಂಗ್ಲಿಷ್ ಮೇಷ್ಟ್ರು ಎಂ.ಎ. ಹಿಡಿದುಕೊಂಡು ಬಂದು, ವ್ಯಾಕರಣ ಹೊಸದರಂತಿದೆ, ಪಾಠ ಮಾಡಿ ಸವೆಸಿಲ್ಲ ಎಂದು ಪ್ರಮಾಣ ಮಾಡಿದ್ದರು. ಹುಡುಗಿ ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ನಾಲ್ಕನೇ ವಯಸ್ಸಿನಲ್ಲಿ ಆಸ್ಪತ್ರೆಯ ಕರುವಿನ ಪಕ್ಕ ಹುಲ್ಲಿನಲ್ಲಿ ಮಲಗಿ ನಿದ್ದೆ ಹೋದವಳು. ಅಮ್ಮನ ಹಳೆಯ ಪುಸ್ತಕಗಳನ್ನೆಲ್ಲ ತಾನೇ ಓದಿ ಬಾಯಿಪಾಠ ಮಾಡಿದ್ದಳು, ಆದರೆ ಪರೀಕ್ಷೆ ನಡೆಸುವವರೇ ಇರಲಿಲ್ಲ. ಪಶುವೈದ್ಯರು ಮೊದಲೇ ವಿರಳ. ಇದ್ದವರಿಗೆಲ್ಲ ಸ್ವಂತ ಮಕ್ಕಳಿದ್ದರು. ಇಪ್ಪತ್ತೊಂದು ತುಂಬಿದ ತಲೆ ಹೊಸ ವಿದ್ಯೆಯನ್ನು ಹಿಡಿಯುವುದಿಲ್ಲ. ತುಂಗಾಗೆ ಸೆಪ್ಟೆಂಬರಿಗೆ ಇಪ್ಪತ್ತೊಂದು.

ಹಿಂದಿನ ವಾರ ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಸುಲೋಚನಾ ವಿಷಯ ತೆಗೆದಿದ್ದಳು.

"ನನ್ನದನ್ನ ಕೊಡ್ತೀನಿ ಆಕಿಗೆ."

"ಕೊಟ್ಟು ನೀ ಏನ್ ಮಾಡ್ತಿ ಸುಲೂ?" ಎಂದ ಮೈಲಾರಪ್ಪ. "ಇವತ್ತಿಗೂ ಜನ ಆಡು, ಕುರಿ ಹಿಡಕೊಂಡು ಮನಿ ಬಾಗಲಿಗೆ ಬರ್ತಾರ. ನಾಳೆ ಬಂದ್ರ ಆಡು ಯಾವುದು, ಕುರಿ ಯಾವುದು ಅಂತ ನನ್ನ ಕೇಳ್ತೀಯೇನು?"

"ಅಷ್ಟು ತಿಳೀತೈತ್ರೀ. ರೋಗ ಮರೀತೀನಿ, ಬಾಲ ಮರಿಯಂಗಿಲ್ಲ."

"ಅಷ್ಟು ವರ್ಷದ ವಿದ್ಯಾ..."

"ನನ್ನ ತಲಿಯೊಳಗ ಇದ್ರ ನಾಕ್ ಆಡು ಉಳೀತಾವ. ಆಕಿ ತಲಿಯೊಳಗ ಇದ್ರ ನಲವತ್ತು ವರ್ಷ ಸುತ್ತಲಿನ ಹಳ್ಳಿ ದನ ಎಲ್ಲಾ ಉಳೀತಾವ." ಅವಳು ಮೆಣಸಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೋಗಿ, ನೆನಪಾಗಿ, ಅವನ ಟವೆಲ್ಲಿಗೆ ಒರೆಸಿದಳು. "ಆಕಿ ಮಾರಿ ನೋಡೀರೇನು? ಮೂರು ವರ್ಷಾತು, ನಕ್ಕಿದ್ದಿಲ್ಲ."

ಅಂದೇ ಉಳಿಕೆ ಪಟ್ಟಿ ಬರೆಯಲು ಕೂತರು. ಕೇಂದ್ರದವರ ನಿಯಮವದು. ನೆನಪುಗಳು ತಲೆಯಲ್ಲಿ ಚಾಪೆಯ ಎಳೆಗಳಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಯಂತ್ರ ವಿದ್ಯೆಯ ಎಳೆ ಹಿಡಿದು ಎಳೆದಾಗ ಅದಕ್ಕಂಟಿದ ಬೇರೆಯವೂ ಕಿತ್ತುಬರುತ್ತವೆ. ಹಾಗಾಗಿ ಉಳಿಯಬೇಕಾದದ್ದಕ್ಕೆಲ್ಲ ಮೊದಲೇ ಗಂಟು ಹಾಕಿಸಬೇಕು. ಸುಲೋಚನಾ ತಾಯಿಯ ಹೆಸರು, ಮಗಳ ಹೆಸರು, ಮನೆಯ ವಿಳಾಸ, ಎಣ್ಣೆಗಾಯಿಯ ಮಸಾಲೆ ಎಲ್ಲ ಬರೆದಳು. ಮೈಲಾರಪ್ಪ ಬೆರಳಿಟ್ಟುಕೊಂಡು ಓದುತ್ತ ಹೋದವನು ಒಂದು ಕಡೆ ನಿಂತುಬಿಟ್ಟ.

"ಮಿರ್ಚಿ ಭಜಿ ಹದಿನೆಂಟನೇದು, ನಾನು ನಲವತ್ತೊಂದನೇದು?"

"ಮರತೇನು ಅನ್ನೂ ಹೆದರಿಕಿ ಇದ್ದದ್ದು ಮೊದಲು ಬರದೀನಿ. ನಿಮ್ಮನ್ನ ಮರೀತೀನೇನ್ರೀ?"

ನಲವತ್ತೊಂದನೆಯ ಸಾಲಿನಲ್ಲಿ ಅವಳು ಬರೆದದ್ದು 'ಮನೆಯವರು' ಎಂದು.

ಅದನ್ನು ನೋಡಿ ಮೈಲಾರಪ್ಪನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಮೇಲಿನ ಗುಂಡಿ ಹಾರಿ ಅಡುಗೆಮನೆಯ ಗೋಡೆಗೆ ಬಡಿಯಿತು. ಯಾಕೆಂದರೆ ಆ ಹೆಸರಿಲ್ಲದ ಸಾಲಿನ ಹಿಂದೆ ಮೂವತ್ತೆರಡು ವರ್ಷದ ಮಾತಿತ್ತು. ಲಗ್ನಕ್ಕೆ ಮೊದಲು ಸುಲೋಚನಾ ಡಾಕ್ಟರು, ಅವನು ಆಳು. "ಮೈಲಾರಿ, ಹಿಡಿ!" ಎಂದು ಅವಳು, "ಹಿಡದೀನ್ರಿ ಬಾಯಾರ" ಎಂದು, ಅಮ್ಮಾವ್ರೇ ಅನ್ನುವ ಮರ್ಯಾದೆಯಲ್ಲಿ, ಅವನು. ಒದೆಯುವ ಎಮ್ಮೆಗಳ ನಡುವೆ, ಕೊಟ್ಟಿಗೆಯ ಕಂದೀಲಿನ ಬೆಳಕಿನಲ್ಲಿ, ಅವಳು ಮೊಣಕೈತನಕ ಕೈ ಹಾಕಿ ಕರು ಹುಡುಕುವಾಗ ಕೊಂಬು ಹಿಡಿದು ನಿಂತ ಆಳನ್ನೇ ಡಾಕ್ಟರು ಲಗ್ನವಾದಾಗ ಊರಿಗೆ ಊರೇ ಬಾಯಿಗೆ ಸೆರಗಿಟ್ಟು ನಕ್ಕಿತ್ತು. "ಗಂಡನ್ನೂ ಹಂಗ ಕರೀತಾಳೇನು? ಮೈಲಾರಿ, ಹಾಸಿಗಿ ಹಾಸು ಅಂತ?" ಎಂದಿದ್ದಳು ಅವನ ದೊಡ್ಡಮ್ಮನೇ. ಲಗ್ನದ ದಿನ, ಗಂಡನ ಹೆಸರು ಸೇರಿಸಿ ಪದ ಕಟ್ಟುವ ಒಡಪು ಹೇಳುವಾಗ ಸುಲೋಚನಾ ಎಲ್ಲರ ಎದುರು ಒಂದು ಸಲ ಅವನ ಹೆಸರು ಹೇಳಿದಳು. ಆಮೇಲೆ ಸಾಕು ಎಂದಳು. ಆಳನ್ನು ಕರೆದ ಹಾಗೆ ಇನ್ನು ಕರೆಯುವುದಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಸಿಪಾಯಿಯಿಂದ ಹಿಡಿದು ದನ ತಂದ ರೈತರವರೆಗೆ ಎಲ್ಲರೂ "ಏ ಮೈಲಾರಿ" ಅನ್ನುತ್ತಿರುವಾಗ ಡಾಕ್ಟರು ಅಂಗಳದ ತುದಿಯಿಂದ ಗಟ್ಟಿಯಾಗಿ, "ರೀ, ಸ್ವಲ್ಪ ಹಿಡೀರಿ" ಎಂದಳು. ಅಂಗಳದಲ್ಲಿ ದನಗಳೂ ಮೆಲುಕು ನಿಲ್ಲಿಸಿ ತಿರುಗಿ ನೋಡಿದವೆಂದು ಮೈಲಾರಪ್ಪ ಇಂದಿಗೂ ಹೇಳುತ್ತಾನೆ.

ಆ 'ರೀ' ಎಂಬುದು ಅವನ ಪಾಲಿಗೆ ಎಲ್ಲ ಪದವಿಗಳಿಗಿಂತ ದೊಡ್ಡ ಪದವಿ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಬಿದ್ದವನಿಗೆ ಬೇರೆ ಪದವಿ ಇರಲೂ ಇಲ್ಲ.

ಕೇಂದ್ರದ ಒಳಕೋಣೆಯಲ್ಲಿ ಯಂತ್ರ ನಡೆಸುವವನು ದಾವಲಸಾಬ. ಮಾತಿಗೊಮ್ಮೆ ಕನ್ನಡಕ ಒರೆಸುವ, ನಲವತ್ತು ದಾಟಿದ ಸಮಾಧಾನದ ಮನುಷ್ಯ. ಹೊರಗಿನವರು ಆ ಯಂತ್ರವನ್ನು ಏಳು ಅಂತಸ್ತಿನದೆಂದು ಹೊಗಳುತ್ತಿದ್ದರು. ನೋಡಿದರೆ ಅದು ಎರಡು ಕುರ್ಚಿ, ಎರಡು ಟೊಪ್ಪಿಗೆ, ನಡುವೆ ಗೋಧಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರ ಮೇಲೆ ಒಂದು ಮುಳ್ಳು. ದಾವಲಸಾಬ ಸುಲೋಚನಾಳ ತಲೆಗೆ ಟೊಪ್ಪಿಗೆ ಇಟ್ಟು ಹೇಳಿದ:

"ಪಟ್ಟಿಯೊಳಗಿನ ಒಂದೊಂದರ ಹೆಸರು ನಿಮ್ಮ ಬಾಯಿಲೇ ಗಟ್ಟಿ ಹೇಳ್ರಿ ಮೇಡಂ. ಹೆಸರು ಹೇಳಿದ ಕೂಡ್ಲೇ ಅದರ ನೆನಪೆಲ್ಲ ಒಮ್ಮೆಲೇ ಬೆಳಗತೈತಿ. ಮುಳ್ಳು ಈ ಕೆಂಪು ಗೆರಿ ದಾಟ್ತಂದ್ರ ಗಂಟು ಬಿತ್ತು. ಬರದ್ರ ನಡಿಯಂಗಿಲ್ಲ, ಇನ್ನೊಬ್ಬರು ಹೇಳಿದ್ರೂ ನಡಿಯಂಗಿಲ್ಲ."

ತಾಯಿಯ ಹೆಸರಿಗೆ ಮುಳ್ಳು ಜಿಗಿಯಿತು. "ತುಂಗಾ" ಎಂದಾಗ ಕೆಂಪು ಗೆರೆ ದಾಟಿ ಆಚೆಯ ಮೊಳೆಗೆ ಬಡಿದು ಟಣ್ಣೆಂದಿತು. ಮಿರ್ಚಿ ಭಜಿಗೂ ದಾಟಿತು. ಹೀಗೆ ನಲವತ್ತು ಗಂಟು ಬಿದ್ದವು.

"ನಲವತ್ತೊಂದು. ಮನಿಯವರು," ಎಂದಳು ಸುಲೋಚನಾ. ಮುಳ್ಳು ಅರ್ಧಕ್ಕೆ ಎದ್ದು, ನಡುಗಿ, ಕೆಳಗಿಳಿಯಿತು.

ದಾವಲಸಾಬ ಕನ್ನಡಕ ಒರೆಸಿದ. "ಹೆಸರು ಹೇಳ್ರಿ ಮೇಡಂ. ಮನಿಯವರು ಅಂದ್ರ ಎಲ್ಲರ ಮನಿಯವರೂ ಆಗ್ತಾರ. ನಿಮ್ಮ ತಲಿಯೊಳಗ ಹತ್ತು ಕಡೆ ಮಿಣುಕ್ ಮಿಣುಕ್ ಅಂತೈತಿ, ಒಂದು ಕಡೆ ಬೆಳಗವಲ್ದು."

"ಇವರ," ಎಂದು ಅವಳು ಕೈ ತೋರಿಸಿದಳು. ಮುಳ್ಳು ಇನ್ನಷ್ಟು ಎದ್ದು, ಗೆರೆಯ ಹತ್ತಿರ ಹೋಗಿ, ವಾಪಸು ಬಂತು.

"ನೂರಕ್ಕ ಎಂಬತ್ತರಷ್ಟು ಬಂತು," ಎಂದ ದಾವಲಸಾಬ. "ದನದ ಕೆಲಸದಾಗ ಇವರೂ ಇದ್ದರೇನು? ಹಂಗಿದ್ರ ಇಷ್ಟು ಸಾಲಂಗಿಲ್ಲರೀ. ಒಮ್ಮಿ ಹೆಸರು ಅಂದುಬಿಡ್ರಿ."

ಕೋಣೆಯ ಮೂಲೆಯ ಸ್ಟೂಲಿನಲ್ಲಿ ಕೂತ ಮೈಲಾರಪ್ಪ ಗಂಟಲು ಸರಿಮಾಡಿಕೊಂಡ. ಇಂಥ ಕೇಳುಗ ಅವನಿಗೆ ಮತ್ತೆ ಸಿಗುವವನಲ್ಲ. "ಏನ್ ಸಾಹೇಬ್ರ, ಆಕಿ ಬಾಯಾಗ ನನ್ನ ಹೆಸರು ಬರಬೇಕಂದ್ರ ಸೂರ್ಯ ಪಡವಲಕ್ಕ ಹುಟ್ಟಬೇಕು. ಮೂವತ್ತೆರಡು ವರ್ಷಾತು! ಹಾವು ಕಡದಾಗೂ 'ರೀ' ಅಂತನ ಚೀರಿದಾಕಿ!"

ಹೊರಗೆ ಸಾಲಿನ ಗದ್ದಲ. ಬಾಗಿಲಲ್ಲಿ ಮುಂದಿನವರ ತಲೆಗಳು. ತುಂಗಾ ಎರಡನೆಯ ಕುರ್ಚಿಯಲ್ಲಿ ಟೊಪ್ಪಿಗೆ ಹಾಕಿಕೊಂಡು ಕಾಯುತ್ತಿದ್ದವಳು, "ಅವ್ವಾ, ಅಂದುಬಿಡವಾ" ಎಂದಳು.

ಸುಲೋಚನಾ ತುಟಿ ತೆರೆದಳು. ಅವಳು ಮೈಲಾರಪ್ಪನ ಕಡೆ ತಿರುಗಿ ಹುಬ್ಬೇರಿಸಿದಳು: ಹೇಳಲೇನು? ಹೇಳಿದರೆ ಬೇಸರವಿಲ್ಲವಲ್ಲ? ಅಷ್ಟನ್ನೂ ಕಣ್ಣಲ್ಲೇ ಕೇಳಿದಳು. ಹೇಳಲು ಅವಳು ತಯಾರಿದ್ದಳು. ಇದರಲ್ಲಿ ಉಪ್ಪಿಲ್ಲ, ಖಾರವಿಲ್ಲ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅವಳು ತಯಾರಿದ್ದಳು. ಮೈಲಾರಪ್ಪ ನಗುತ್ತ, ಮೀಸೆಯ ಮೇಲೆ ಕೈಯಿಟ್ಟು, ಬೇಡವೆಂದು ತಲೆ ಅಲ್ಲಾಡಿಸಿದ.

"ಎಂಬತ್ತು ಸಾಕ್ರಿ," ಎಂದಳು ಸುಲೋಚನಾ. "ಉಳಿದ ಇಪ್ಪತ್ತು ಇವರ ಬಡಾಯಿನ ಇರಬೇಕು. ಹೋದ್ರ ಹೋಗ್ಲಿ."

ಗಂಡ ಹೆಂಡತಿ ಇಬ್ಬರೂ ನಕ್ಕರು. ದಾವಲಸಾಬ ನಗಲಿಲ್ಲ. ಅವನು ಪಟ್ಟಿಯ ಮೇಲೆ 'ದಾತರ ಒಪ್ಪಿಗೆ ಮೇರೆಗೆ' ಎಂದು ಬರೆದು, ಸುಲೋಚನಾಳಿಂದ ಸಹಿ ಹಾಕಿಸಿ, ಸ್ವಿಚ್ಚು ಒತ್ತಿದ.

ನಲವತ್ತು ನಿಮಿಷ ಏನೂ ಕಾಣುವುದಿಲ್ಲ, ಕೇಳುವುದಿಲ್ಲ. ಪೆಟ್ಟಿಗೆ ಹಾಲು ಕಾಯುವಾಗಿನ ಹಾಗೆ ಸಣ್ಣಗೆ ಸದ್ದು ಮಾಡುತ್ತದೆ, ಅಷ್ಟೇ. ತುಂಗಾಳ ಬೆರಳುಗಳು ಗಾಳಿಯಲ್ಲಿ ಯಾವುದೋ ನರವನ್ನು ಹುಡುಕುವಂತೆ ಆಡತೊಡಗಿದವು. ಅವು ಸುಲೋಚನಾಳ ಬೆರಳುಗಳೇ ಎಂದು ಮೈಲಾರಪ್ಪನಿಗೆ ಗುರುತು ಹತ್ತಿತು. ಹುಡುಗಿ ಕಣ್ಣು ಮುಚ್ಚಿಕೊಂಡೇ ನಕ್ಕಳು, ಮೂರು ವರ್ಷದ ಮೇಲೆ. ಅವನ ಕಣ್ಣು ಒದ್ದೆಯಾಯಿತು. ಆ ನಲವತ್ತು ನಿಮಿಷದಷ್ಟು ಸುಖ ಧಾರವಾಡ ಜಿಲ್ಲೆಯಲ್ಲಿ ಬೇರೆ ಯಾವ ಮನುಷ್ಯನಿಗೂ ಸಿಕ್ಕಿರಲಿಲ್ಲ.

ಟೊಪ್ಪಿಗೆ ತೆಗೆದಾಗ ಸುಲೋಚನಾ ನೀರು ಕೇಳಿದಳು. ಮಗಳ ಕೆನ್ನೆ ಸವರಿ, "ಆತೇನವಾ? ತಲಿ ನೋಯಾಕತ್ತೈತೇನು?" ಎಂದಳು. ನೀರು ತಂದ ಮೈಲಾರಪ್ಪನ ಕೈಯಿಂದ ಲೋಟ ಇಸಿದುಕೊಂಡು, ಸೆರಗು ಸರಿಮಾಡಿಕೊಂಡು, ನಯವಾಗಿ ಹೇಳಿದಳು:

"ತ್ರಾಸ ತಗೊಂಡ್ರಿ ಪಾಪ. ನೀವು ಇಲ್ಲೇ ಕೆಲಸ ಮಾಡ್ತೀರೇನು?"

ಮೈಲಾರಪ್ಪ ಮೊದಲು ನಕ್ಕ. ಅವಳು ಚೇಷ್ಟೆಯವಳು, ಅವನಿಗೆ ಗೊತ್ತು. ನಗುತ್ತ ನಗುತ್ತ ದಾವಲಸಾಬನ ಮುಖ ನೋಡಿದ. ದಾವಲಸಾಬ ಕನ್ನಡಕ ತೆಗೆದಿದ್ದ, ಒರೆಸುತ್ತಿರಲಿಲ್ಲ.

"ತಿರುಗಿ ಹಾಕ್ರಿ," ಎಂದ ಮೈಲಾರಪ್ಪ. "ಹುಡುಗಿ ತಲಿಯಿಂದ ತಿರುಗಿ ಹಾಕ್ರಿ. ಪದವಿ ಬ್ಯಾಡ ನಮಗ."

"ಹಳೇ ತಲಿ ಕೊಡತೈತ್ರಿ ಹಿರಿಯಾರ, ತಗೊಳ್ಳಂಗಿಲ್ಲ." ದಾವಲಸಾಬನ ದನಿ ಕೋಣೆಯ ಬಾಗಿಲಿಗೂ ಮುಟ್ಟಲಿಲ್ಲ. "ನಾ ಇನ್ನೊಮ್ಮಿ ಹೇಳಬೇಕಿತ್ತು."

"ನೀವು ಎರಡು ಸಲ ಹೇಳಿದ್ರಿ," ಎಂದ ಮೈಲಾರಪ್ಪ. ಆಮೇಲೆ ಸ್ಟೂಲಿನ ಮೇಲೆ ಕೂತ.

ಮನೆಗೆ ಬಂದ ಮೂರನೆಯ ದಿನ ಲಗ್ನದ ಫೋಟೋ ಮುಂದಿಟ್ಟು ತುಂಗಾ ತಾಯಿಗೆ ಎಲ್ಲ ಹೇಳಿದಳು. ಸುಲೋಚನಾ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತಾನು ಹಲ್ಲು ಬಿಟ್ಟು ನಗುತ್ತಿರುವ ಫೋಟೋ ಅದು. ಪಕ್ಕದವನ ಮುಖವನ್ನೂ ಪಡಸಾಲೆಯಲ್ಲಿ ಕೂತವನ ಮುಖವನ್ನೂ ತಾಳೆ ನೋಡಿ, "ಹೌದು, ಇವರ," ಎಂದಳು. ಒಪ್ಪಿಕೊಂಡಳು. ಅತ್ತದ್ದು ತುಂಗಾ. ಸುಲೋಚನಾಗೆ ಅಳಲು ಏನೂ ನೆನಪಿರಲಿಲ್ಲ.

ತುಂಗಾ ಅಪ್ಪನ ಮುಖ ನೋಡುವುದನ್ನು ಬಿಟ್ಟಿದ್ದಳು. ಊಟ ಬಡಿಸಿ ಓಡಿಹೋಗುತ್ತಿದ್ದಳು. ವಾರದ ಮೇಲೆ ಮೈಲಾರಪ್ಪ ಹಿತ್ತಲಲ್ಲಿ ಅವಳನ್ನು ತಡೆದ.

"ನನ್ನ ಮ್ಯಾಲೆ ಸಿಟ್ಟೇನವಾ? ಇರ್ಲಿ. ಸಿಟ್ಟು ಬರೂದ ಅದು."

"ಸಿಟ್ಟಲ್ಲ ಅಪ್ಪಾ." ಹುಡುಗಿ ಬಾವಿಕಟ್ಟೆಯ ಕಲ್ಲು ಕೆರೆಯುತ್ತ ನಿಂತಳು. "ಅವ್ವನ ತಲಿಯಿಂದ ಹೋದದ್ದು ಎಲ್ಲೂ ಹೋಗಿಲ್ಲ. ನನ್ನ ಕಡೆ ಬಂದೈತಿ. ಗರ್ಭಕೋಶ ಹೆಂಗ ಹೊಲೀಬೇಕು ಅಂತ ನೆನಸಿದ್ರ, ಎದುರಿಗೆ ಕೊಂಬು ಹಿಡಕೊಂಡು ನೀನು ನಿಂತಿರ್ತಿ. ಇಪ್ಪತ್ತೈದು ವರ್ಷದವ. ಫಿನೈಲ್ ವಾಸನಿ, ಹುಲ್ಲಿನ ವಾಸನಿ. ಅವ್ವ ಹೊಲಗಿ ಹಾಕೂದು ಬಿಟ್ಟು ನಿನ್ನ ಕೈ ನೋಡ್ತಿರ್ತಾಳ. ನಾ ಅದನ್ನ ನೋಡಬಾರದಿತ್ತು ಅಪ್ಪಾ. ಅದು ನನ್ನದಲ್ಲ."

ಮೈಲಾರಪ್ಪ ಬಾವಿಗೆ ಕೊಡ ಬಿಟ್ಟು ಬೇಕಿಲ್ಲದ ನೀರು ಸೇದತೊಡಗಿದ.

"ಇನ್ನೊಂದು," ಎಂದಳು ತುಂಗಾ. "ಬಾಯಿಲೆ ಅಂದಿಲ್ಲ, ಖರೆ. ಮನಸ್ಸಿನಾಗ ಆಕಿ ನಿನ್ನ ಹೆಸರ್ಲೇ ಕರೀತಿದ್ಲು. ದಿನಾ. ದನ ಒದಿಯಾಕ ಕಾಲು ಎತ್ತಿದಾಗೆಲ್ಲ. ಮೈಲಾರಿ, ಹುಷಾರು ಅಂತ."

ಕೊಡ ತುಂಬಿ ಬಂತು. ಅವನು ಅದನ್ನು ಮತ್ತೆ ಬಾವಿಗೇ ಸುರಿದ.

ಶ್ರಾವಣದಲ್ಲಿ ತುಂಗಾಗೆ ಅದೇ ಆಸ್ಪತ್ರೆಯಲ್ಲಿ ಕೆಲಸದ ಆದೇಶ ಬಂತು. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಮೆಡ್ಲೇರಿ ಕಡೆಯ ಗೌಡರೊಬ್ಬರು ಕರು ಅಡ್ಡ ನಿಂತ ಎಮ್ಮೆಯನ್ನು ಗಾಡಿಯಲ್ಲಿ ಹೇರಿಕೊಂಡು ಮನೆ ಮುಂದೆ ಬಂದರು. ಆನೆಗೆ ತಂಗಿಯಾಗಬೇಕು, ಅಂಥ ಎಮ್ಮೆ. ಬೇವಿನ ನೆರಳಲ್ಲಿ ಅದನ್ನು ಇಳಿಸಿದರು. ತುಂಗಾ ತೋಳಿಗೆ ಎಣ್ಣೆ ಹಚ್ಚಿಕೊಂಡು ಹಿಂದೆ ಕೂತಳು. ಮೈಲಾರಪ್ಪ ಯಾರೂ ಹೇಳದೆಯೇ ಹೋಗಿ ಕೊಂಬಿನ ಮೇಲೆ ಕೈಯಿಟ್ಟ. ಕಟ್ಟೆಯ ಮೇಲೆ ಸುಲೋಚನಾ ಜಾತ್ರೆಗೆ ಬಂದ ಮಗುವಿನಂತೆ ಬೆರಗಾಗಿ ನೋಡುತ್ತ ಕೂತಿದ್ದಳು.

ಎಮ್ಮೆ ಒಮ್ಮೆ ತಲೆ ಕೊಡವಿತು.

"ರೀ, ಸ್ವಲ್ಪ ಹಿಡೀರಿ!" ಎಂದಳು ತುಂಗಾ.

ಅದೇ ದನಿ, ಅದೇ ಎಳೆತ. ಮೈಲಾರಪ್ಪನ ಕೈ ತಾನಾಗಿಯೇ ಬಿಗಿಯಿತು, ಹೂಂ ಅನ್ನಲು ಬಾಯಿ ತೆರೆದುಕೊಂಡಿತು. ಆಗ ತುಂಗಾಗೆ ತಾನೇನೆಂದೆನೆಂದು ಹೊಳೆಯಿತು. ಅವಳ ಮುಖ ಬಿಳಚಿಕೊಂಡಿತು. ಇಬ್ಬರೂ ಎಮ್ಮೆಯ ಎರಡು ತುದಿಗಳಲ್ಲಿ ತಲೆ ತಗ್ಗಿಸಿಕೊಂಡು ಕೆಲಸ ಮುಂದುವರಿಸಿದರು. ಅರ್ಧ ಗಂಟೆಯಲ್ಲಿ ಕರು ಹೊರಬಂತು, ಕೆಮ್ಮಿತು, ಬದುಕಿತು. ಗೌಡರು ಹುಡುಗಿಯ ಕೈಗೆ ಕಣ್ಣೊತ್ತಿಕೊಂಡು, "ನಿಮ್ಮವ್ವನ ಕೈಯ ಬಂದೈತಲ್ಲವಾ" ಎಂದರು. ಕಟ್ಟೆಯ ಮೇಲಿನ ಸುಲೋಚನಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಗಾಡಿ ಹೋದ ಮೇಲೆ ಮೈಲಾರಪ್ಪ ಅಂಗಳದಲ್ಲೇ ನಿಂತಿದ್ದ. ಸುಲೋಚನಾ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು, ಹೊಸ್ತಿಲಲ್ಲಿ ನಿಂತಳು. "ಒಂದು ಮಾತು, ಸಿಟ್ಟಾಗಬ್ಯಾಡ್ರಿ," ಎಂದಳು. "ನೀವು ಯಾರು ಅಂತ ತಿಳದೈತಿ. ಒಳ್ಳೇವ್ರು ಅನ್ನೂದೂ ಕಾಣತೈತಿ. ಆದ್ರ 'ರೀ' ಅನ್ನಾಕ ನಾಲಿಗಿ ಏಳವಲ್ದು. ಗುರ್ತು ಇಲ್ಲದವರಿಗೆ ಹಂಗ ಅಂದಂಗ ಆಗತೈತಿ. ಸದ್ಯಕ್ಕ ಹೆಸರ್ಲೇ ಕರೀತೀನಿ."

ಅವನು ಹೂಂ ಎಂದ.

ಸುಲೋಚನಾ ಗಂಟಲು ಸರಿಮಾಡಿಕೊಂಡು, ಹೊಸ ಊರಿನಲ್ಲಿ ವಿಳಾಸ ವಿಚಾರಿಸುವವರ ಹಾಗೆ ಮರ್ಯಾದೆಯಿಂದ, ಸ್ಪಷ್ಟವಾಗಿ ಕರೆದಳು:

"ಮೈಲಾರಪ್ಪನವ್ರ, ಕೈ ತೊಳಕೊಂಡು ಬರ್ರಿ. ಚಹಾ ಆರತೈತಿ."

ಧಾರವಾಡದ ಆ ಪೆಟ್ಟಿಗೆ ಅಲ್ಲಿದ್ದಿದ್ದರೆ ಅದರ ಮುಳ್ಳು ಅಲುಗುತ್ತಿರಲಿಲ್ಲ. ಮೈಲಾರಪ್ಪ ಬಕೆಟ್ಟಿನಲ್ಲಿ ಮೊಣಕೈತನಕ ಕೈ ತೊಳೆದ, ಟವೆಲ್ಲಿಗೆ ಒರೆಸಿಕೊಂಡ, ಮೂವತ್ತೆರಡು ವರ್ಷದ ಹಿಂದೆ ಬಿಟ್ಟಿದ್ದ ದನಿಯನ್ನು ಹುಡುಕಿ ತೆಗೆದ.

"ಬಂದೆರೀ, ಬಾಯಾರ."